ಸ್ಯಾನ್ ಮಟಿಯೋದಿಂದ – ಭಾಗ 17: ಫಿಟ್ಸ್ ನಿಂತಿದೆಯಲ್ಲ, ಇನ್ನೂ ಮಾತ್ರೆ ಯಾಕೆ?

ಹೋದ ವಾರದ ಪೋಸ್ಟ್ ಓದಿ ಯಳಂದೂರಿನಿಂದ ಅತ್ತಿಗೆ ಫೋನ್ ಮಾಡಿದ್ರು. ಪಕ್ಕದ ಮನೆ ಹುಡುಗಿಗೆ ಆರು ತಿಂಗಳಿಂದ ಫಿಟ್ಸ್ ಬಂದಿಲ್ಲ, ಮಾತ್ರೆ ನಿಲ್ಲಿಸಬಹುದಾ ಅಂತ ಅವಳ ಅಜ್ಜಿ ಕೇಳ್ತಿದ್ದಾರಂತೆ. ಅತ್ತಿಗೆಗೆ ಹೇಳಿದ್ದನ್ನೇ ಎಲ್ಲರಿಗೂ ಬರೀತಿದ್ದೀನಿ.

ನಿಲ್ಲಿಸಬೇಡಿ. ಫಿಟ್ಸ್ ಬರದೇ ಇರೋದು ಮಾತ್ರೆ ಕೆಲಸ ಮಾಡ್ತಿದೆ ಅನ್ನೋದರ ಗುರುತು. ದಿಢೀರಂತ ಬಿಟ್ಟರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ಸಾಮಾನ್ಯವಾಗಿ 2 ವರ್ಷ ಒಂದೂ ಬರದಿದ್ದರೆ ಡಾಕ್ಟರು ಯೋಚನೆ ಮಾಡ್ತಾರೆ. ಆಗಲೂ ಸ್ವಲ್ಪ ಸ್ವಲ್ಪವಾಗಿ, ಅವರೇ ಇಳಿಸ್ತಾ ಬರ್ತಾರೆ.

ಹಳ್ಳಿ ಅಜ್ಜಿಗೆ ತಿಳಿಯಲ್ಲ ಅಂತ ನಗಬೇಡಿ. ಅಮೆರಿಕದ ಸಿನ್ಸಿನಾಟಿಯಲ್ಲಿ, ಮೂರ್ಛೆರೋಗ ಹೊಸದಾಗಿ ಪತ್ತೆಯಾದ 124 ಮಕ್ಕಳು ಔಷಧಿ ತಗೊಳ್ತಿದ್ದಾರಾ ಅಂತ ಎಲೆಕ್ಟ್ರಾನಿಕ್ ಸಾಧನ ಇಟ್ಟು 6 ತಿಂಗಳು ನೋಡಿದರು. ವರದಿ ಬಂದದ್ದು 2011ರಲ್ಲಿ. ನೂರಕ್ಕೆ 58 ಮಕ್ಕಳಿಗೆ ಔಷಧಿ ಸರಿಯಾಗಿ ಹೋಗ್ತಿರಲಿಲ್ಲ. ತಪ್ಪೋ ಅಭ್ಯಾಸ ಮೊದಲ ತಿಂಗಳಲ್ಲೇ ಕಾಣಿಸಿತ್ತು. ಕಷ್ಟದಲ್ಲಿದ್ದ ಮನೆಗಳಲ್ಲೇ ಇದು ಹೆಚ್ಚು.

ಇಲ್ಲಿ ನಾನು ನೋಡೋದೂ ಇದನ್ನೇ. ಅಮ್ಮನಿಗೆ ಎರಡು ಕೆಲಸ, ಅಪ್ಪನಿಗೆ ರಾತ್ರಿ ಪಾಳಿ. ಅವರು ಕೊಟ್ಟಿರ್ತಾರೆ ಅಂತ ಇವರು, ಇವರು ಕೊಟ್ಟಿರ್ತಾರೆ ಅಂತ ಅವರು. ಬೈದರೆ ಮುಂದಿನ ಸಲ "ಎಲ್ಲಾ ಕೊಟ್ಟಿದ್ದೀವಿ" ಅಂತಾರೆ. ಆಗ ಡಾಕ್ಟರು ಔಷಧಿ ಸಾಲ್ತಿಲ್ಲ ಅಂದ್ಕೊಂಡು ಡೋಸ್ ಏರಿಸ್ತಾರೆ, ಮಗು ತೂಕಡಿಸುತ್ತೆ. ಅದಕ್ಕೇ ನಾನು "ಸರಿಯಾಗಿ ಕೊಟ್ರಾ?" ಅಂತ ಕೇಳಲ್ಲ. "ಈ ವಾರ ಎಷ್ಟು ಸಲ ಬಿಟ್ಟುಹೋಯ್ತು?" ಅಂತೀನಿ. ನಿಜ ಹೊರಗೆ ಬರುತ್ತೆ.

ನಮ್ಮ ಯಳಂದೂರು ಈ ವಿಷಯದಲ್ಲಿ ಪ್ರಪಂಚಕ್ಕೇ ಗೊತ್ತು! ನರರೋಗ ತಜ್ಞ ಡಾ. ಕೆ. ಎಸ್. ಮಣಿ ಅವರ ತಂಡ ನಮ್ಮ ಹಳ್ಳಿಗಳ ರೋಗಿಗಳಿಗೆ ಫಿನೋಬಾರ್ಬಿಟಾಲ್, ಫೆನಿಟಾಯಿನ್ ಅನ್ನೋ ಅಗ್ಗದ ಮಾತ್ರೆಗಳನ್ನೇ ಕೊಟ್ಟು ವರ್ಷಗಟ್ಟಲೆ ನೋಡಿಕೊಂಡಿತು. ಎಷ್ಟೋ ಜನರಿಗೆ ಫಿಟ್ಸ್ ಹತೋಟಿಗೆ ಬಂತು. 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನ ಪ್ರಕಟಿಸಿತು.

ಮನೆಯಲ್ಲಿ ಇಷ್ಟು ಮಾಡಿ:
– ಮಾತ್ರೆ ಕೊಡೋ ಜವಾಬ್ದಾರಿ ಒಬ್ಬರದೇ ಇರಲಿ. ಕೊಟ್ಟ ತಕ್ಷಣ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.
– ಹಲ್ಲುಜ್ಜೋದು, ರಾತ್ರಿ ಊಟ, ಹೀಗೆ ದಿನಾ ತಪ್ಪದ ಕೆಲಸಕ್ಕೆ ಜೋಡಿಸಿ.
– ಸಿರಪ್ ಅಳೆಯೋಕೆ ಅಡುಗೆಮನೆ ಚಮಚ ಬೇಡ.
– ಮರೆತರೆ ಮುಂದಿನ ಸಲ ಎರಡು ಸೇರಿಸಿ ಕೊಡಬೇಡಿ. ಡಾಕ್ಟರನ್ನ ಕೇಳಿ.
– ಮಾತ್ರೆ ಮುಗಿಯೋಕೆ ಒಂದು ವಾರ ಮೊದಲೇ ತಂದಿಡಿ. ಜಾತ್ರೆಗೆ, ನೆಂಟರ ಮನೆಗೆ ಹೋಗುವಾಗ ಬ್ಯಾಗಿಗೆ ಮೊದಲು ಅದೇ ಹೋಗಲಿ.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಯಾಕೆ ಬೇಡ, ಏನು ಮಾಡಬೇಕು ಅನ್ನೋದು ಮುಂದಿನ ಭಾಗದಲ್ಲಿ. ಇದನ್ನ ಊರಿನ ಗ್ರೂಪಿಗೆ ಕಳಿಸಿ, ಓದೋಕೆ ಬರದ ಅಜ್ಜಿಯರಿಗೆ ಓದಿ ಹೇಳಿ.