ತೆರಪಿನ ಓದು

ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಆನ್‌ಲೈನ್ ಮೂಲಕ ಎಂ.ಎಸ್. ಓದುವವರ ಭಾನುವಾರ ಎಷ್ಟೋ ಸಲ ಮುಗಿಯುವುದು ನಮ್ಮ ಸೋಮವಾರ ಸಂಜೆ ಐದೂವರೆಗೆ. ಅಸೈನ್‌ಮೆಂಟ್ ಒಪ್ಪಿಸುವ ಗಡುವನ್ನು ಅನೇಕ ಕೋರ್ಸುಗಳಲ್ಲಿ ‘ಭೂಮಿಯ ಮೇಲೆ ಎಲ್ಲಾದರೂ’ ಎಂಬ ಲೆಕ್ಕದಲ್ಲಿ ಇಡುತ್ತಾರೆ. ಅಂದರೆ ಭೂಮಿಯ ಯಾವುದಾದರೂ ಒಂದು ಮೂಲೆಯಲ್ಲಿ ಇನ್ನೂ ಭಾನುವಾರ ಉಳಿದಿದ್ದರೆ ಗಡುವು ಮುಗಿದಿಲ್ಲ. ಗ್ರೀನ್‌ವಿಚ್‌ಗಿಂತ 12 ಗಂಟೆ ಹಿಂದಿರುವ ವಲಯ ಅದು. ಅಲ್ಲಿರುವ ನೆಲವೆಂದರೆ ಪೆಸಿಫಿಕ್ ಸಾಗರದ ಬೇಕರ್, ಹೌಲ್ಯಾಂಡ್ ಎಂಬ ಎರಡು ಪುಟ್ಟ ದ್ವೀಪಗಳು. ಎರಡರಲ್ಲೂ ಜನವಸತಿ ಇಲ್ಲ. ಯಾರೂ ಬದುಕದ ಜಾಗದ ಗಡಿಯಾರ ನೋಡಿಕೊಂಡು ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಎಷ್ಟೋ ಜನ ಸೋಮವಾರ ಆಫೀಸಿನ ಮೀಟಿಂಗಿನ ನಡುವೆ ಕೋಡ್ ಅಪ್‌ಲೋಡ್ ಮಾಡುತ್ತಾರೆ.

ಈ ಬಗೆಯ ಓದಿಗೆ ದಾರಿ ಮಾಡಿದ್ದು ಅಟ್ಲಾಂಟಾದ ಜಾರ್ಜಿಯಾ ಟೆಕ್. ಕಂಪ್ಯೂಟರ್ ಸೈನ್ಸಿನ ಪೂರ್ಣ ಸ್ನಾತಕೋತ್ತರ ಪದವಿಯನ್ನು ಆನ್‌ಲೈನಿನಲ್ಲೇ ಕೊಡುವುದಾಗಿ ಅದು 2013ರ ಮೇ ತಿಂಗಳಲ್ಲಿ ಘೋಷಿಸಿತು. 2014ರ ಜನವರಿಯಲ್ಲಿ ಪಾಠ ಶುರುವಾಯಿತು. ಆಗ ಅಲ್ಲಿನ ಕಂಪ್ಯೂಟಿಂಗ್ ಕಾಲೇಜಿನ ಡೀನ್ ಆಗಿದ್ದವರು ಜ್ವಿ ಗಲೀಲ್. ವಿಡಿಯೊ ಪಾಠಗಳಿಗೆ ಯುಡಾಸಿಟಿ ಕೈಜೋಡಿಸಿತು, ಎಟಿ ಅಂಡ್ ಟಿ ಕಂಪನಿ 20 ಲಕ್ಷ ಡಾಲರ್ ಕೊಟ್ಟಿತು. ಕ್ಯಾಂಪಸ್ಸಿನಲ್ಲಿ ಹೊರಗಿನವರಿಗೆ ಸುಮಾರು 45,000 ಡಾಲರ್ ಬೀಳುತ್ತಿದ್ದ ಪದವಿ ಇಲ್ಲಿ 7,000 ಡಾಲರ್ ಒಳಗೆ ಮುಗಿಯುತ್ತಿತ್ತು, ಅಂದಿನ ಲೆಕ್ಕದಲ್ಲಿ ಸುಮಾರು ನಾಲ್ಕು ಲಕ್ಷ ರೂಪಾಯಿ. ಜಿ.ಆರ್.ಇ. ಬೇಕಿಲ್ಲ. ಪದವಿ ಪತ್ರದಲ್ಲಿ ‘ಆನ್‌ಲೈನ್’ ಎಂಬ ಪದವೂ ಇಲ್ಲ. ಮೊದಲ ತಂಡದಲ್ಲಿ 380ರಷ್ಟು ಜನರಿದ್ದರು. ಮುಂದೆ ಒಂದೇ ಅವಧಿಯಲ್ಲಿ ಓದುವವರ ಸಂಖ್ಯೆ ಹತ್ತು ಸಾವಿರ ದಾಟಿತು, ಬೇರೆ ವಿಶ್ವವಿದ್ಯಾಲಯಗಳೂ ಇದೇ ಹಾದಿ ಹಿಡಿದವು.

ಆ ಮೊದಲ ವರ್ಷಗಳ ಅರ್ಜಿದಾರರ ಬಗ್ಗೆ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನದಲ್ಲಿ ಒಂದು ವಿಚಿತ್ರ ಕಂಡಿತು. ಕ್ಯಾಂಪಸ್ಸಿಗೆ ಅರ್ಜಿ ಹಾಕಿದವರ ಸರಾಸರಿ ವಯಸ್ಸು 24, ಆನ್‌ಲೈನಿಗೆ ಹಾಕಿದವರದು 34. ಕ್ಯಾಂಪಸ್ಸಿಗೆ ಅರ್ಜಿ ಹಾಕಿದವರಲ್ಲಿ ಹೆಚ್ಚಿನವರು ಹೊರದೇಶದವರು, ಆನ್‌ಲೈನಿಗೆ ಹಾಕಿದವರಲ್ಲಿ ಹೆಚ್ಚಿನವರು ಅಮೆರಿಕನ್ನರು. ಜಗತ್ತಿಗೇ ಬಾಗಿಲು ತೆರೆದಾಗ ಮೊದಲು ಒಳಗೆ ಬಂದವರು ಮನೆಯ ಪಕ್ಕದವರೇ. ಕಾರಣ ಊಹಿಸುವುದು ಕಷ್ಟವಲ್ಲ. ಭಾರತದ ಹುಡುಗನೊಬ್ಬ ಸಾಲ ಮಾಡಿ ಎಂ.ಎಸ್.ಗೆ ಹೋಗುವುದು ಪಾಠಕ್ಕಾಗಿ ಮಾತ್ರ ಅಲ್ಲ. ವಿದ್ಯಾರ್ಥಿ ವೀಸಾ, ಓದು ಮುಗಿದ ಮೇಲೆ ಅಲ್ಲಿ ಕೆಲಸ ಮಾಡಲು ಸಿಗುವ ಅವಕಾಶ, ಅಲ್ಲಿಂದ ಮುಂದಿನ ಬದುಕು, ಎಲ್ಲ ಸೇರಿದ ಗಂಟು ಅದು. ಆನ್‌ಲೈನ್ ಪದವಿ ಆ ಗಂಟಿನಿಂದ ಪಾಠವೊಂದನ್ನೇ ಬಿಡಿಸಿ ಕೊಡುತ್ತದೆ. ವೀಸಾ ಇಲ್ಲ, ವಿಮಾನ ಇಲ್ಲ. ಹಾಗಿದ್ದರೆ ಇಲ್ಲಿ ಕೂತವರು ಅದನ್ನು ಯಾಕೆ ಓದಬೇಕು?

ಪುಣೆಯ ಹಿಂಜೆವಾಡಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ಮಾಡುವ ಗದಗ ಕಡೆಯ ಹೆಣ್ಣುಮಗಳೊಬ್ಬಳಿಗೆ ಈ ಪ್ರಶ್ನೆಯನ್ನು ಮೊದಲು ಕೇಳಿದ್ದು ಅವಳ ತಾಯಿ, ಫೋನಿನಲ್ಲಿ.

“ಅಮೆರಿಕಾಕ್ಕ ಹೋಗ್ತಿ ಏನವಾ?”

“ಇಲ್ಲವ್ವಾ, ಮನ್ಯಾಗ ಕೂತು ಓದೋದು.”

“ಪಗಾರ ಹೆಚ್ಚ ಮಾಡ್ತಾರೇನು?”

“ಗೊತ್ತಿಲ್ಲ.”

“ಹಂಗಾದ್ರ ಯಾಕಬೇಕ ಇದು?”

ಅವಳಿಗೆ ಆಗ 36. ಓದಿದ್ದು ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಸಾಫ್ಟ್‌ವೇರ್ ಕಂಪನಿ ಆರಿಸಿಕೊಂಡಿತು, ಮೂರು ತಿಂಗಳ ತರಬೇತಿ ಕೊಟ್ಟು ಟೆಸ್ಟಿಂಗಿಗೆ ಹಾಕಿತು. ಅವಳ ತಲೆಮಾರಿನ ಸಾವಿರಾರು ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳು ಹೀಗೇ ಈ ಕೆಲಸಕ್ಕೆ ಬಂದವರು. ಹನ್ನೆರಡು ವರ್ಷ ದುಡಿದರೂ ಒಂದು ಅಳುಕು ಹೋಗಿರಲಿಲ್ಲ. ಒಂದು ಪ್ರೋಗ್ರಾಮ್ ಯಾಕೆ ನಿಧಾನ, ಇನ್ನೊಂದು ಯಾಕೆ ಚುರುಕು ಎಂಬ ಮಾತು ಬಂದಾಗ ಇಂಟರ್‌ವ್ಯೂಗೆ ಬಾಯಿಪಾಠ ಮಾಡಿದ ಉತ್ತರ ಹೇಳಿ ಸುಮ್ಮನಾಗುತ್ತಿದ್ದಳು. ಉತ್ತರ ಸರಿಯೇ ಇರುತ್ತಿತ್ತು. ಯಾಕೆ ಸರಿ ಎಂದು ಮಾತ್ರ ತಿಳಿದಿರಲಿಲ್ಲ. ತಾಯಿಗೆ ಇದನ್ನು ಫೋನಿನಲ್ಲಿ ಹೇಳುವುದು ಹೇಗೆ? ಹೇಳಲಿಲ್ಲ. ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಳು, ಸೀಟು ಸಿಕ್ಕಿತು.

ದೇಶದೊಳಗೇ ದಾರಿಗಳಿರಲಿಲ್ಲ ಎಂದೇನಲ್ಲ. 1985ರಲ್ಲಿ ಸ್ಥಾಪನೆಯಾದ ಇಗ್ನೋ ಎಂ.ಸಿ.ಎ. ಕಲಿಸುತ್ತದೆ. ಕೆಲಸದಲ್ಲಿರುವವರಿಗಾಗಿ ಪಿಲಾನಿಯ ಬಿಟ್ಸ್ 1979ರಿಂದಲೇ ಕೋರ್ಸು ನಡೆಸುತ್ತಿದೆ. ದೂರಶಿಕ್ಷಣ ಮತ್ತು ಆನ್‌ಲೈನಿನಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳು ಕೊಡುವ ಪದವಿ ತರಗತಿಯಲ್ಲಿ ಕೂತು ಪಡೆದ ಪದವಿಗೆ ಸಮ ಎಂದು ಯು.ಜಿ.ಸಿ. 2022ರಲ್ಲಿ ಸ್ಪಷ್ಟಪಡಿಸಿದೆ. ಪಾಠವಷ್ಟೇ ಸಾಕು ಎನ್ನುವವರಿಗೆ ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ಕಟ್ಟಿದ ಎನ್‌ಪಿಟೆಲ್‌ನ ವಿಡಿಯೊಗಳು ಪುಕ್ಕಟೆ. ಅಮೆರಿಕದ ಪ್ರೊಫೆಸರ್ ಹೇಳಿದ್ದು ಅರ್ಥವಾಗದಾಗ ಅವಳು ಓಡುತ್ತಿದ್ದುದೂ ಅಲ್ಲಿಗೇ.

ಕನ್ನಡಿಗರಿಗೆ ಈ ಓದು ಹೊಸದೂ ಅಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ಮೂಲಕ ಪಾಠ ಹೇಳಲು ಶುರುಮಾಡಿತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಅಂಚೆಯಲ್ಲಿ ಬರುವ ಪಾಠದ ಪುಸ್ತಕ, ರಜೆಯಲ್ಲಿ ನಡೆಯುವ ಸಂಪರ್ಕ ತರಗತಿ, ಪರೀಕ್ಷೆಗೆ ಬಸ್ಸು ಹತ್ತಿ ಹೋಗುವುದು, ಹೀಗೆ ಓದಿ ಎಂ.ಎ. ಮಾಡಿದ ಮೇಷ್ಟರು, ಗುಮಾಸ್ತರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಅದಕ್ಕೆ ಕನ್ನಡದಲ್ಲಿ ಇಟ್ಟ ಹೆಸರು ‘ಅಂಚೆ ತೆರಪಿನ ಶಿಕ್ಷಣ’. ತೆರಪು ಎಂದರೆ ಖಾಲಿ ಜಾಗ, ಬಿಡುವು. ‘ದೂರಶಿಕ್ಷಣ’ ಎನ್ನುವ ಪದ ಮೈಲಿಗಳನ್ನು ಎಣಿಸುತ್ತದೆ, ‘ಆನ್‌ಲೈನ್’ ತಂತಿಯನ್ನು ತೋರಿಸುತ್ತದೆ. ‘ತೆರಪು’ ಮಾತ್ರ ಓದುವವರ ದಿನವನ್ನು ನೋಡುತ್ತದೆ. ದೂರ ಈಗ ಸಮಸ್ಯೆಯೇ ಅಲ್ಲ. ತೆರಪು ಎಲ್ಲಿಂದ ತರುವುದು ಎಂಬುದೇ ಸಮಸ್ಯೆ.

ಒಂದು ವಿಷಯಕ್ಕೆ ವಾರಕ್ಕೆ ಹದಿನೈದರಿಂದ ಇಪ್ಪತ್ತು ಗಂಟೆ ಬೇಕು. ಒಟ್ಟು ಹತ್ತು ವಿಷಯ. ಸೆಮಿಸ್ಟರಿಗೆ ಒಂದರಂತೆ ಓದಿದರೆ ಮೂರೂವರೆ, ನಾಲ್ಕು ವರ್ಷ. ಅಷ್ಟು ಗಂಟೆಗಳು ಎಲ್ಲೋ ಬಿದ್ದಿರುವುದಿಲ್ಲ, ಯಾರದೋ ಪಾಲಿನಿಂದ ಬರಬೇಕು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಂಜೆ ಏಳಕ್ಕೆ ಪ್ರಶ್ನೋತ್ತರವಿದ್ದರೆ ಇಲ್ಲಿ ಬೇಸಿಗೆಯಲ್ಲಿ ಬೆಳಗಿನ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ. ಆ ಹೊತ್ತು ಅವಳ ನಿದ್ದೆಯಿಂದ ಬಂತು. ಭಾನುವಾರಗಳು ಎರಡನೇ ಕ್ಲಾಸಿನ ಮಗಳ ಪಾಲಿನಿಂದ ಬಂದವು. ರಾತ್ರಿ ಅಡುಗೆಯನ್ನು ಗಂಡ ವಹಿಸಿಕೊಂಡ. ಮೊದಲ ಸೆಮಿಸ್ಟರಿನಲ್ಲಿ ಹುಮ್ಮಸ್ಸಿನಿಂದ, ಮೂರನೆಯದರಲ್ಲಿ ಮಾತಿಲ್ಲದೆ. ಪರೀಕ್ಷೆಗೆ ಕೂರುವ ಮುಂಚೆ ಲ್ಯಾಪ್‌ಟಾಪ್ ಹಿಡಿದು ಕೋಣೆಯ ನಾಲ್ಕೂ ಗೋಡೆಗಳನ್ನು ಕ್ಯಾಮೆರಾಕ್ಕೆ ತೋರಿಸಬೇಕು, ಒಳಗೆ ಬೇರೆ ಯಾರೂ ಇರಬಾರದು. ಎರಡು ಕೋಣೆಯ ಮನೆಯಲ್ಲಿ ಅಂದರೆ ಉಳಿದವರೆಲ್ಲ ಮೂರು ಗಂಟೆ ಹೊರಗೆ.

ಇಂಥ ಓದಿನಲ್ಲಿ ಜೊತೆಗಾರರು ಇರುತ್ತಾರೆ, ಆದರೆ ಮುಖಗಳಿರುವುದಿಲ್ಲ. ಜಾರ್ಜಿಯಾ ಟೆಕ್‌ನಲ್ಲೇ 2016ರಲ್ಲಿ ಅಶೋಕ್ ಗೋಯಲ್ ಎಂಬ ಪ್ರೊಫೆಸರ್ ಒಂದು ಪ್ರಯೋಗ ಮಾಡಿದರು. ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರಿಸುವ ಸಹಾಯಕರ ನಡುವೆ ಜಿಲ್ ವಾಟ್ಸನ್ ಎಂಬ ಹೆಸರಿನಲ್ಲಿ ಒಂದು ಕಂಪ್ಯೂಟರ್ ಪ್ರೋಗ್ರಾಮನ್ನು ಸೇರಿಸಿದರು. ಅದು ಮನುಷ್ಯರಲ್ಲ ಎಂದು ವಿದ್ಯಾರ್ಥಿಗಳಿಗೆ ತಿಳಿಸಿದ್ದು ಸೆಮಿಸ್ಟರಿನ ಕೊನೆಗೆ. ಕೃತಕ ಬುದ್ಧಿಮತ್ತೆಯ ಕ್ಲಾಸಿನಲ್ಲೇ ಇದು ನಡೆಯಿತು. ಯಂತ್ರದ ಜಾಣತನಕ್ಕೆ ಈ ಕಥೆಯನ್ನು ಉದಾಹರಣೆಯಾಗಿ ಹೇಳುತ್ತಾರೆ. ಆ ಕಡೆ ಯಾರಿದ್ದಾರೆ ಎಂದು ಗೊತ್ತಾಗದಷ್ಟು ತೆಳುವಾದ ಒಡನಾಟ ಅದು ಎಂದೂ ಇದೇ ಕಥೆಯಿಂದ ತಿಳಿಯುತ್ತದೆ.

ಐದು ವಿಷಯ ಮುಗಿಸಿ ಆರನೆಯದಾಗಿ ಅವಳು ಆಲ್ಗಾರಿದಮ್ ತೆಗೆದುಕೊಂಡಳು. ಎರಡನೇ ಪರೀಕ್ಷೆಗೆ ಹತ್ತು ದಿನವಿದ್ದಾಗ ಗದಗಿನಲ್ಲಿ ತಾಯಿ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿದಿತ್ತು. ಹುಬ್ಬಳ್ಳಿಯಲ್ಲಿ ಆಪರೇಷನ್. ಆಸ್ಪತ್ರೆಯ ಕಾರಿಡಾರಿನಲ್ಲಿ ಲ್ಯಾಪ್‌ಟಾಪ್ ತೆರೆದು ನೋಡಿದಳು, ಎರಡು ಪುಟ ಮುಂದೆ ಹೋಗಲಿಲ್ಲ. ಮೂರನೇ ದಿನ ಕೋರ್ಸಿನಿಂದ ಹಿಂದೆ ಸರಿಯುವ ಗುಂಡಿ ಒತ್ತಿದಳು. ಕಟ್ಟಿದ ಶುಲ್ಕ ಹೋಯಿತು, ಅಂಕಪಟ್ಟಿಯಲ್ಲಿ ‘ಡಬ್ಲ್ಯೂ’ ಎಂಬ ಅಕ್ಷರ ಉಳಿಯಿತು.

ತಾಯಿಯನ್ನು ಪುಣೆಗೆ ಕರೆತಂದರು. ಮುಂದಿನ ಸೆಮಿಸ್ಟರಿನಲ್ಲಿ ಅದೇ ವಿಷಯವನ್ನು ಮತ್ತೆ ತೆಗೆದುಕೊಂಡಾಗ ಓದುವ ಕೋಣೆಯಲ್ಲೇ ತಾಯಿಯ ಮಂಚ. ರಾತ್ರಿ ನಿದ್ದೆ ಬಾರದ ಆಕೆ ಒಂದು ದಿನ ಕೇಳಿದರು: “ಏನ್ ಹೇಳ್ತಾನವಾ ಅಂವ, ದಿನಾ ಇಷ್ಟ್ ಹೊತ್ತು?”

ಅವತ್ತಿನ ಪಾಠ ಆ ಕೋರ್ಸಿನಲ್ಲೇ ಹೆಚ್ಚು ಜನ ಎಡವುವ ಭಾಗ. ಕೆಲವು ಸಮಸ್ಯೆಗಳನ್ನು ಬೇಗ ಬಿಡಿಸುವ ದಾರಿಯನ್ನು ಇದುವರೆಗೆ ಯಾರೂ ಕಂಡಿಲ್ಲ. ಅಂಥ ದಾರಿ ಇಲ್ಲವೇ ಇಲ್ಲ ಎಂದೂ ಯಾರೂ ಸಾಧಿಸಿಲ್ಲ. ಹೊಸ ಸಮಸ್ಯೆಯೊಂದು ಎದುರಾದಾಗ ಅದೂ ಇದೇ ಜಾತಿಯದು ಎಂದು ತೋರಿಸಲು ಒಂದು ಉಪಾಯವಿದೆ, ರಿಡಕ್ಷನ್. ಗೊತ್ತಿರುವ ಕಷ್ಟದ ಸಮಸ್ಯೆಯನ್ನು ಹೊಸದರ ರೂಪಕ್ಕೆ ತರಬೇಕು. ಎಷ್ಟೋ ವಿದ್ಯಾರ್ಥಿಗಳು ಉಲ್ಟಾ ಮಾಡುತ್ತಾರೆ, ಹೊಸದನ್ನು ಹಳೆಯದರ ರೂಪಕ್ಕೆ ತರುತ್ತಾರೆ. ಅದರಿಂದ ಏನೂ ಸಾಬೀತಾಗುವುದಿಲ್ಲ. ಇಂಗ್ಲಿಷಿನ ಆ ಪದಕ್ಕೆ ‘ಕಡಿಮೆ ಮಾಡು’ ಎಂಬ ಅರ್ಥವೂ ಇರುವುದರಿಂದ ಗೊಂದಲ ಇನ್ನಷ್ಟು. ಅವಳೂ ತಿಂಗಳುಗಟ್ಟಲೆ ಈ ದಿಕ್ಕಿನಲ್ಲೇ ತಪ್ಪುತ್ತಿದ್ದಳು.

ತಾಯಿಗೆ ಹೇಳಲು ಬೀಗ ನೆನಪಾಯಿತು. “ನಮ್ಮ ಮನಿ ಕೀಲಿ ಗಟ್ಟಿ ಐತಿ ಅಂತ ತೋರಸಬೇಕವ್ವಾ. ನಮ್ಮ ಕೀಲಿ ತಗಿಯಾಕ ಬರೋ ಅಂವಗ, ಅದರಿಂದನ ಬ್ಯಾಂಕಿನ ತಿಜೋರಿನೂ ತಗಿಯಾಕ ಬರ್ತದ ಅಂತ ತೋರಿಸಿಬಿಟ್ರ ಆತು. ತಿಜೋರಿ ಯಾರಿಗೂ ತಗಿಯಾಕ ಬಂದಿಲ್ಲಲ್ಲ? ಅಂದಮ್ಯಾಲೆ ನಮ್ಮದೂ ಅಷ್ಟ ಗಟ್ಟಿ.”

ತಾಯಿ ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: “ತಿಜೋರಿ ತಗದಂವ ನಮ್ಮನಿ ಕೀಲಿ ತಗದ್ರ?”

“ಅದರಾಗ ಏನ್ ದೊಡ್ಡದವ್ವಾ, ತಿಜೋರಿ ತಗದಂವಗ ಇದೇನ್ ಮಹಾ…” ಎನ್ನುತ್ತಲೇ ಅವಳು ನಿಂತಳು. ದಿಕ್ಕು ಉಲ್ಟಾ ಆದರೆ ಯಾಕೆ ಏನೂ ಸಾಬೀತಾಗುವುದಿಲ್ಲ ಎಂಬುದು ಅವಳ ಬಾಯಿಂದಲೇ ಬಂದಿತ್ತು. ಇಂಗ್ಲಿಷಿನಲ್ಲಿ ಹತ್ತು ಸಲ ಬರೆದುಕೊಂಡ ವಾಕ್ಯ ಅದು. ಮನೆಮಾತಿನಲ್ಲಿ, ಒಬ್ಬರು ಎದುರು ಕೂತು ಕೇಳಿದಾಗ ಬೇರೂರಿತು. ವಿಡಿಯೊದಲ್ಲಿ ಪ್ರೊಫೆಸರ್ ಕಲಿಸುತ್ತಾರೆ, ಆದರೆ ಕಲಿತವರ ಮಾತು ಕೇಳಿಸಿಕೊಳ್ಳುವವರು ಅಲ್ಲಿ ಇರುವುದಿಲ್ಲ. ತರಗತಿಯಲ್ಲಿ ಆ ಕೆಲಸವನ್ನು ಪಕ್ಕದ ಬೆಂಚಿನವರು ಮಾಡುತ್ತಾರೆ. ತೆರಪಿನಲ್ಲಿ ಓದುವವರು ಅವರನ್ನೂ ತಾವೇ ಹುಡುಕಿಕೊಳ್ಳಬೇಕು.

ಆ ಸಲ ಆಲ್ಗಾರಿದಮ್ ಪಾಸಾಯಿತು, ‘ಬಿ’ ಗ್ರೇಡಿನಲ್ಲಿ. ಆಫೀಸಿನಲ್ಲಿ ಅವಳ ಹುದ್ದೆ ಬದಲಾಗಿಲ್ಲ. ಆದರೆ ಒಂದು ಸಣ್ಣ ಸಂಗತಿ ನಡೆಯಿತು. ಎರಡು ಪಟ್ಟಿಗಳನ್ನು ಹೋಲಿಸುವ ಒಂದು ಹಳೆಯ ಪರೀಕ್ಷೆ ಪ್ರತಿ ರಾತ್ರಿ ಗಂಟೆಗಟ್ಟಲೆ ಓಡುತ್ತಿತ್ತು. ಒಂದೊಂದರಲ್ಲೂ ಎರಡು ಲಕ್ಷ ಸಾಲು. ಒಂದರ ಪ್ರತಿ ಸಾಲನ್ನು ಇನ್ನೊಂದರ ಎಲ್ಲ ಸಾಲುಗಳ ಜೊತೆ ಹೋಲಿಸುವುದೆಂದರೆ 4,000 ಕೋಟಿ ಹೋಲಿಕೆ. ಮೊದಲು ಎರಡನ್ನೂ ಕ್ರಮವಾಗಿ ಜೋಡಿಸಿಕೊಂಡರೆ ಒಂದು ಕೋಟಿಯೊಳಗೆ ಮುಗಿಯುತ್ತದೆ. ಎಷ್ಟೋ ವರ್ಷ ಎಲ್ಲರೂ ಸರ್ವರ್ ನಿಧಾನ ಎಂದು ಬೈಯುತ್ತಿದ್ದರು, ಅವಳೂ ಬೈದಿದ್ದಳು. ಈಗ ಕಾಗದದ ಮೇಲೆ ಲೆಕ್ಕ ಹಾಕಿ, ಇಪ್ಪತ್ತು ಸಾಲು ಬದಲಾಯಿಸಿದಳು. ಯಾಕೆ ಎಂದು ಮ್ಯಾನೇಜರ್ ಕೇಳಿದಾಗ ಬಾಯಿಪಾಠದ ಉತ್ತರ ಬೇಕಾಗಲಿಲ್ಲ.

ಇನ್ನು ಮೂರು ವಿಷಯ ಉಳಿದಿವೆ. ಮುಂದಿನ ಸೆಮಿಸ್ಟರಿಗೆ ಹೆಸರು ನೋಂದಾಯಿಸುವ ಮುಂಚೆ ಗಂಡ ಹೆಂಡತಿ ಕೂತು ಕ್ಯಾಲೆಂಡರ್ ನೋಡಿದರು. ಮಗಳ ಪರೀಕ್ಷೆ ಯಾವಾಗ, ತಾಯಿಯನ್ನು ಡಾಕ್ಟರಿಗೆ ತೋರಿಸುವುದು ಯಾವಾಗ, ಯಾವ ಭಾನುವಾರಗಳು ಯಾರವು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದರು. ಈ ಸಲ ತಿಂಗಳಿಗೆ ಎರಡು ಭಾನುವಾರ ಮಗಳಿಗೆ ಎಂದು ಮೊದಲೇ ಬರೆದಿಟ್ಟರು. ಉಳಿದಿದ್ದು ಸಾಲುವುದಿಲ್ಲವೆಂದು ಕಂಡು, ತೆಗೆದುಕೊಳ್ಳಬೇಕೆಂದಿದ್ದ ಕಷ್ಟದ ವಿಷಯ ಬಿಟ್ಟು ಹಗುರವಾದದ್ದೊಂದನ್ನು ಆರಿಸಿಕೊಂಡಳು.