ಸಸಿ ಮಡಿಯೋ, ಸಂತೆಯೋ?

ನವೆಂಬರ್ 1ರ ರಾತ್ರಿ ರಾಜ್ಯೋತ್ಸವ ಕಾರ್ಯಕ್ರಮ ಮುಗಿಸಿ, ಕುರ್ಚಿಗಳನ್ನೆಲ್ಲ ಪೇರಿಸಿಟ್ಟು ರೂಮಿಗೆ ಬಂದಾಗ ಹನ್ನೆರಡು ದಾಟಿತ್ತು. ಆದ್ರೂ ಬೆಳಿಗ್ಗೆ ಐದೂವರೆಗೆ ಅಲಾರಂ ಇಟ್ವಿ. ಟೊರೊಂಟೊದಲ್ಲಿ ವರ್ಲ್ಡ್ ಸೀರೀಸ್‌ನ ಏಳನೇ, ಅಂದ್ರೆ ಕೊನೇ ಪಂದ್ಯ. ಹೌದು, ಬೇಸ್‌ಬಾಲ್. ನಮಗೆ ಗೊತ್ತಿರೋ ಮಟ್ಟಿಗೆ ಹಾಸ್ಟೆಲ್‌ನಲ್ಲಿ ಅದನ್ನ ನೋಡೋರು ನಮ್ಮ ರೂಮಿನ ಮೂರು ಜನ ಮಾತ್ರ. ಹೋದ ವರ್ಷ ನಾಲ್ಕು ಜನ ಇದ್ವಿ.

ಈ ಹುಚ್ಚು ಶುರುವಾಗಿದ್ದು ಫಸ್ಟ್ ಇಯರ್‌ನಲ್ಲಿ ‘ಮನಿಬಾಲ್’ ಸಿನಿಮಾ ನೋಡಿ. 2002ರ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ಕಥೆ. ಟೀಮಿನ ಹತ್ರ ದುಡ್ಡಿಲ್ಲ, ಒಳ್ಳೆ ಆಟಗಾರರನ್ನ ಶ್ರೀಮಂತ ಟೀಮುಗಳು ಎತ್ಕೊಂಡು ಹೋಗಿವೆ. ಜನರಲ್ ಮ್ಯಾನೇಜರ್ ಬ್ರ್ಯಾಡ್ ಪಿಟ್ ಬರೀ ಲೆಕ್ಕಾಚಾರ ನಂಬ್ಕೊಂಡು, ಯಾರಿಗೂ ಬೇಡವಾದವರನ್ನ ಹುಡುಕಿ ತರ್ತಾನೆ, ಟೀಮು ಸತತ 20 ಪಂದ್ಯ ಗೆಲ್ಲತ್ತೆ. ಇಂಜಿನಿಯರಿಂಗ್ ಹುಡುಗರಿಗೆ ಇನ್ನೇನು ಬೇಕು? ಎಕ್ಸೆಲ್ ಶೀಟ್ ಇದ್ರೆ ಜಗತ್ತೇ ಗೆಲ್ಲಬಹುದು ಅನ್ನಿಸ್ತು. ಮಾರನೇ ವಾರವೇ ಟೀಮ್ ನಡೆಸೋ ಒಂದು ಕಂಪ್ಯೂಟರ್ ಗೇಮ್ ಹಾಕ್ಕೊಂಡ್ವಿ.

ಅಲ್ಲಿ ಟೀಮ್ ಕಟ್ಟೋಕೆ ಮುಖ್ಯವಾಗಿ ಎರಡು ದಾರಿ. ಒಂದು, ನಮ್ಮ ವಯಸ್ಸಿನ ಹುಡುಗರನ್ನ ಡ್ರಾಫ್ಟ್‌ನಲ್ಲಿ ಆರಿಸಿ, ಮೈನರ್ ಲೀಗ್ ಅನ್ನೋ ಕೆಳಗಿನ ಹಂತಗಳಲ್ಲಿ (ಸಿಂಗಲ್-ಎ ಇಂದ ಟ್ರಿಪಲ್-ಎ ತನಕ) ವರ್ಷಗಟ್ಟಲೆ ಆಡಿಸಿ ಬೆಳೆಸೋದು. ಇದಕ್ಕೆ ಫಾರ್ಮ್ ಸಿಸ್ಟಮ್ ಅಂತಾರೆ. ನಮ್ಮ ಮಂಡ್ಯದವನು ‘ಓ, ಸಸಿ ಮಡಿ’ ಅಂದ, ಅದೇ ಹೆಸರು ಉಳ್ಕೊಳ್ತು. ಇನ್ನೊಂದು, ಮೇಜರ್ ಲೀಗ್‌ನಲ್ಲಿ ಆರು ವರ್ಷ ಪೂರೈಸಿ, ಒಪ್ಪಂದ ಮುಗಿಸ್ಕೊಂಡವರನ್ನ ದುಡ್ಡು ಕೊಟ್ಟು ಕರೆಸ್ಕೊಳ್ಳೋದು. ಅವರು ಫ್ರೀ ಏಜೆಂಟ್‌ಗಳು. ಅದಕ್ಕೆ ನಾವಿಟ್ಟ ಹೆಸರು ಸಂತೆ. ಆ ಹೆಸರು ತಪ್ಪು ಅಂತ ಆಮೇಲೆ ಗೊತ್ತಾಯ್ತು.

ಆಗ ನಾವು ನಾಲ್ವರೂ ಸಸಿ ಮಡಿ ಪಕ್ಷ. ಅದರಲ್ಲೂ ಕೊಪ್ಪದವನು. ‘ಮನಿಬಾಲ್ ಅರ್ಧ ಸುಳ್ಳು ಕಣ್ರೋ’ ಅಂತ ಕಂಡುಹಿಡಿದವನು ಅವನೇ. ಆ ಟೀಮಿನ ಬೆನ್ನೆಲುಬು ಮೂವರು ಪಿಚರ್‌ಗಳು. ಹಡ್ಸನ್, ಮಲ್ಡರ್, ಜೀಟೋ. ಮೂವರನ್ನೂ 1997ರಿಂದ 1999ರ ಡ್ರಾಫ್ಟ್‌ಗಳಲ್ಲಿ ಓಕ್‌ಲ್ಯಾಂಡೇ ಆರಿಸಿ ಬೆಳೆಸಿದ್ದು. 2002ರಲ್ಲಿ ಜೀಟೋಗೆ ಅತ್ಯುತ್ತಮ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ ಬಂತು. ಅದೇ ವರ್ಷ ಲೀಗ್‌ನ ಎಂವಿಪಿ ಆದ ಮಿಗೆಲ್ ಟೆಹಾಡನನ್ನೂ ಡೊಮಿನಿಕನ್ ರಿಪಬ್ಲಿಕ್‌ನಿಂದ ಹುಡುಗನಾಗಿದ್ದಾಗಲೇ ಕರ್ಕೊಂಡು ಬಂದಿದ್ರು. ಸಿನಿಮಾದಲ್ಲಿ ಇವರ ಬಗ್ಗೆ ಮಾತೇ ಇಲ್ಲ ಅನ್ನಬಹುದು. ಹುಡುಗರು ನಿಧಾನಕ್ಕೆ ಬೆಳೆಯೋದನ್ನ ತೋರಿಸಿದ್ರೆ ಯಾರು ಟಿಕೆಟ್ ತಗೋತಾರೆ?

ಸಂತೆ ಪಕ್ಷವನ್ನ ಬೈಯೋಕೆ ನಮಗೆ ಸಿಕ್ಕಿದ್ದು 2023ರ ನ್ಯೂಯಾರ್ಕ್ ಮೆಟ್ಸ್. ಶರ್ಜರ್, ವರ್ಲ್ಯಾಂಡರ್ ಅನ್ನೋ ಇಬ್ಬರು ವಯಸ್ಸಾದ ಪಿಚರ್‌ಗಳಿಗೆ ವರ್ಷಕ್ಕೆ ತಲಾ 4.3 ಕೋಟಿ ಡಾಲರ್ ಮೇಲೆ ಕೊಟ್ರು. 75 ಗೆಲುವು, 87 ಸೋಲು. ಸೀಸನ್ ಮಧ್ಯದಲ್ಲೇ ಇಬ್ಬರನ್ನೂ ಬೇರೆ ಟೀಮಿಗೆ ಸಾಗಹಾಕಿದ್ರು. ನಾವು ಮೆಸ್‌ನಲ್ಲಿ ಕೂತು ಅಂಬಾನಿ ಬಗ್ಗೆ ಮಾತಾಡೋ ಥರ ಮಾತಾಡ್ತಿದ್ವಿ.

ನಮ್ಮ ಗೇಮ್‌ನಲ್ಲಿ ಪ್ರತಿ ಸೀಸನ್ ಕೊನೆಗೆ ಕೆಳಗಿನ ಟೀಮುಗಳನ್ನ ಖಾಲಿ ಮಾಡಬೇಕು, ಹೊಸಬರಿಗೆ ಜಾಗ ಬೇಕಲ್ಲ. ಹೆಸರಿನ ಮೇಲೆ ಕ್ಲಿಕ್, ‘ರಿಲೀಸ್’. ಐದು ನಿಮಿಷದಲ್ಲಿ ಮೂವತ್ತು ಜನ ಔಟ್. ಒಂದು ರಾತ್ರಿ ಕೊಪ್ಪದವನು ಮೌಸ್ ಹಿಡ್ಕೊಂಡು ಸುಮ್ನೆ ಕೂತ. ‘ಇವನಿಗೆ ಇಪ್ಪತ್ನಾಲ್ಕು. ಐದು ವರ್ಷ ಡಬಲ್-ಎ ದಾಟಿಲ್ಲ. ಈಗ ಊರಿಗೆ ಹೋಗಿ ಏನ್ ಮಾಡ್ತಾನೆ?’ ಅಂದ. ನಾವು ನಕ್ಕು ಮೌಸ್ ಕಿತ್ಕೊಂಡ್ವಿ.

ಅವನು ಆಮೇಲೆ ಓದಿ ಓದಿ ಹೇಳಿದ ವಿಷಯಗಳು ನಮ್ಮ ತಲೆ ಕೆಡಿಸಿದ್ವು. 2023ರಲ್ಲಿ ಯೂನಿಯನ್ ಒಪ್ಪಂದ ಆಗೋ ತನಕ ಸಿಂಗಲ್-ಎ ಹುಡುಗನ ಕನಿಷ್ಠ ಸಂಬಳ ವರ್ಷಕ್ಕೆ 11,000 ಡಾಲರ್. ಒಪ್ಪಂದ ಆದ್ಮೇಲೆ 26,200. ಅದೇ ವರ್ಷ ಮೇಜರ್ ಲೀಗ್‌ನ ಕನಿಷ್ಠ ಸಂಬಳ 7,20,000. ಇನ್ನು ಆರು ವರ್ಷದ ಲೆಕ್ಕ. ಮೇಜರ್ ಲೀಗ್‌ನಲ್ಲಿ 172 ದಿನ ಇದ್ರೆ ಒಂದು ವರ್ಷ ಅಂತ. 2015ರಲ್ಲಿ ಶಿಕಾಗೋ ಕಬ್ಸ್‌ನವರು ಕ್ರಿಸ್ ಬ್ರಯಂಟ್ ಅನ್ನೋ ತಮ್ಮದೇ ಹುಡುಗನನ್ನ ಸ್ವಲ್ಪ ತಡವಾಗಿ ಮೇಲೆ ತಂದ್ರು. ಸೀಸನ್ ಮುಗಿಯೋವಾಗ ಅವನ ಲೆಕ್ಕ 171 ದಿನ. ಒಂದು ದಿನ ಕಮ್ಮಿ ಆದದ್ದಕ್ಕೆ ಅವನು ಫ್ರೀ ಏಜೆಂಟ್ ಆಗೋದು ಒಂದಿಡೀ ವರ್ಷ ಮುಂದಕ್ಕೆ ಹೋಯ್ತು. ದೂರು ಕೊಟ್ಟ, 2020ರಲ್ಲಿ ಸೋತ. ನಮ್ಮಲ್ಲಿ ಅಟೆಂಡೆನ್ಸ್ 84.6 ಆಗಿ ನಿಂತವರಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ.

ಅಂದ್ರೆ ಸಸಿ ಮಡಿ ಅಗ್ಗ ಯಾಕೆ? ಸಸಿಗಳು ಎದ್ದು ಹೋಗೋ ಹಾಗಿಲ್ಲ, ಅದಕ್ಕೆ. ಮೊದಲಂತೂ ಜೀವನಪೂರ್ತಿ ಹೋಗೋ ಹಾಗಿರಲಿಲ್ಲ. 1969ರಲ್ಲಿ ಕರ್ಟ್ ಫ್ಲಡ್ ಅನ್ನೋ ಆಟಗಾರನನ್ನ ಸೇಂಟ್ ಲೂಯಿಸ್ ಟೀಮು ಫಿಲಡೆಲ್ಫಿಯಾಗೆ ದಾಟಿಸಿತು. ಅವನು ಹೋಗಲ್ಲ ಅಂದ, ಸುಪ್ರೀಂ ಕೋರ್ಟ್ ತನಕ ಹೋದ, 1972ರಲ್ಲಿ ಸೋತ, ಆಟವೂ ಮುಗೀತು. ಫ್ರೀ ಏಜೆನ್ಸಿ ಬಂದಿದ್ದು 1975ರಲ್ಲಿ ಬೇರೆ ಇಬ್ಬರು ಪಿಚರ್‌ಗಳ ಕೇಸಿನ ತೀರ್ಪಿನಿಂದ. ಇದನ್ನೆಲ್ಲ ಕೇಳಿದ ಮೇಲೆ ‘ಸಂತೆ’ ಅನ್ನೋಕೆ ನಾಲಿಗೆ ಏಳಲಿಲ್ಲ. ಸಂತೆಯಲ್ಲಿ ದನಕ್ಕೆ ಯಾವ ಹಟ್ಟಿಗೆ ಹೋಗ್ತೀಯಾ ಅಂತ ಯಾರೂ ಕೇಳಲ್ಲ. ಫ್ರೀ ಏಜೆಂಟ್ ಅಂದ್ರೆ ತನ್ನ ಹಗ್ಗ ತಾನೇ ಹಿಡ್ಕೊಂಡವನು.

ಕೊಪ್ಪದವನಿಗೆ ತುಂಬಾ ಇಷ್ಟವಾಗಿದ್ದು ಮಾರ್ಕ್ ಅಪೆಲ್ ಕಥೆ. 2013ರ ಡ್ರಾಫ್ಟ್‌ನಲ್ಲಿ ಮೊಟ್ಟಮೊದಲ ಆಯ್ಕೆ. ಹ್ಯೂಸ್ಟನ್ ಆಸ್ಟ್ರೋಸ್ ಆರಿಸಿತು. ಎಸೆತ ಸರಿಹೋಗಲಿಲ್ಲ, ಗಾಯ ಆಯ್ತು, ಬೇರೆ ಟೀಮಿಗೆ ಕಳಿಸಿದ್ರು. ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡದೆ 2018ರಲ್ಲಿ ಬಿಟ್ಟ. ಅವನಿಲ್ಲದೆ ಆಸ್ಟ್ರೋಸ್ 2017ರಲ್ಲಿ ಕಪ್ ಗೆದ್ದಿತ್ತು, ಎಲ್ಲರೂ ಆ ಸಸಿ ಮಡಿಯನ್ನ ಹೊಗಳಿದ್ರು. (ಕದ್ದು ಸನ್ನೆ ನೋಡಿದ ಹಗರಣ ಆಮೇಲೆ ಹೊರಗೆ ಬಂತು, ಅದು ಬೇರೆ ವಿಷಯ.)

ನಮ್ಮ ನಾಲ್ವರಲ್ಲಿ ಸಿಇಟಿ ರ‍್ಯಾಂಕ್ ಎಲ್ಲರಿಗಿಂತ ಚೆನ್ನಾಗಿದ್ದದ್ದು ಕೊಪ್ಪದವನದು. ಫಸ್ಟ್ ಇಯರ್ ಮ್ಯಾಥ್ಸ್ ಎರಡೂ ಹೋಯ್ತು, ಜೊತೆಗೆ ಇನ್ನೂ ಮೂರು. ಇಯರ್ ಬ್ಯಾಕ್. ಆಗಸ್ಟ್‌ನಲ್ಲಿ ಅವರಪ್ಪ ಬಂದು ಟ್ರಂಕ್ ತಗೊಂಡು ಹೋದ್ರು. ಕಾಲೇಜಿನವರು ಯಾರೂ ಕರೆದು ಏನಪ್ಪಾ ಅಂತ ಕೇಳಲಿಲ್ಲ ಅಂತ ನಾವು ಬೈಕೊಂಡ್ವಿ. ಆದ್ರೆ ಒಂದೇ ರೂಮಿನಲ್ಲಿದ್ದ ನಾವು ಕೇಳಿದ್ವಾ? ರಾತ್ರಿ ಎರಡು ಗಂಟೆಗೆ ಅವನು ಲ್ಯಾಪ್‌ಟಾಪ್‌ನಲ್ಲಿ ಮೈನರ್ ಲೀಗ್ ನೋಡ್ತಾ ಕೂತಿರೋದು ಕಾಣ್ತಾ ಇತ್ತು. ಬೇಸ್‌ಬಾಲ್ ಹುಚ್ಚು ಅನ್ಕೊಂಡ್ವಿ.

ಅವನ ಮಂಚಕ್ಕೆ ಲ್ಯಾಟರಲ್ ಎಂಟ್ರಿ ಹುಡುಗ ಬಂದ. ಡಿಪ್ಲೊಮಾ ಮುಗಿಸಿ ನೇರ ಸೆಕೆಂಡ್ ಇಯರ್‌ಗೆ. ಅವನಿಗೆ ನಾವಿಟ್ಟ ಅಡ್ಡಹೆಸರು ‘ಫ್ರೀ ಏಜೆಂಟ್’. ಒಂದು ತಿಂಗಳು ಸರಿಯಾಗಿ ಮಾತಾಡಿಸಲಿಲ್ಲ, ಸಿದ್ಧವಾಗಿ ಬಂದು ಜಾಗ ಕಿತ್ಕೊಂಡ ಅನ್ನೋ ಥರ. ಒಂದು ದಿನ ಲ್ಯಾಬ್‌ನಲ್ಲಿ ನಮಗೆ ಲೇತ್ ತೋರಿಸಿಕೊಡುವಾಗ ಹೇಳಿದ: ಫೀಸ್ ಹೊಂದಿಸೋಕೆ ಒಂದು ವರ್ಷ ಪೀಣ್ಯದಲ್ಲಿ ನೈಟ್ ಶಿಫ್ಟ್ ಮಾಡಿದ್ದಾನಂತೆ.

ಆ ಭಾನುವಾರ ಬೆಳಿಗ್ಗೆ ನಾವು ಟೊರೊಂಟೊ ಕಡೆ. ಕಾರಣ ಟ್ರೇ ಯೆಸಾವೇಜ್, 22 ವರ್ಷದವನು. 2024ರಲ್ಲಿ ಡ್ರಾಫ್ಟ್ ಆಗಿ, ಈ ಸೀಸನ್ ಸಿಂಗಲ್-ಎನಲ್ಲಿ ಶುರು ಮಾಡಿ, ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದ ಮೊದಲ ಎಸೆತ ಎಸೆದಿದ್ದ. ಎದುರಿಗೆ ಡಾಡ್ಜರ್ಸ್, ದುಡ್ಡಿನ ಟೀಮು. ಒಂಬತ್ತನೇ ಇನ್ನಿಂಗ್ಸ್ ತನಕ ನಾವೇ ಮುಂದೆ, ಆಮೇಲೆ ಸಮ ಆಯ್ತು. ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ ವಿಲ್ ಸ್ಮಿತ್ ಹೋಮ್ ರನ್ ಹೊಡೆದ. ಕೊನೆಗೆ ಬಾಗಿಲು ಹಾಕಿದ್ದು ಯಾಮಾಮೊಟೊ. ಹಿಂದಿನ ರಾತ್ರಿಯಷ್ಟೇ ಆರು ಇನ್ನಿಂಗ್ಸ್ ಎಸೆದಿದ್ದವನು ಮತ್ತೆ ಬಂದ. 5-4.

‘12 ವರ್ಷಕ್ಕೆ 32.5 ಕೋಟಿ ಡಾಲರ್ ಕೊಟ್ಟು ಜಪಾನಿನಿಂದ ತಂದ್ರೆ ಯಾರಾದ್ರೂ ಗೆಲ್ತಾರೆ ಬಿಡು’ ಅಂತ ಮಂಡ್ಯದವನು ಹಲ್ಲು ಕಡಿದ. ಅಷ್ಟರಲ್ಲಿ ಗ್ರೂಪಿಗೆ ಕೊಪ್ಪದಿಂದ ಮೆಸೇಜ್. ಎರಡು ತಿಂಗಳಾದ ಮೇಲೆ ಮೊದಲ ಮೆಸೇಜ್.

‘ಸ್ಮಿತ್ ಅವರದ್ದೇ ಹುಡುಗ ಕಣ್ರೋ. 2016ರ ಡ್ರಾಫ್ಟು. ಮೂರು ವರ್ಷ ಕೆಳಗೇ ಆಡಿದ್ದ.’

ಅಲ್ಲಿ ಒಬ್ಬನೇ ನೋಡ್ತಾ ಇದ್ದ ಅಂತ ಆಯ್ತು. ಅಪೆಲ್ 2021ರಲ್ಲಿ ವಾಪಸ್ ಬಂದು, 2022ರಲ್ಲಿ, 30ನೇ ವಯಸ್ಸಿನಲ್ಲಿ, ಫಿಲಡೆಲ್ಫಿಯಾ ಪರ ಮೊದಲ ಪಂದ್ಯ ಆಡಿದ್ದನ್ನ ಅವನಿಗೆ ನೆನಪಿಸೋಣ ಅಂತ ಟೈಪ್ ಮಾಡಿ ಅಳಿಸಿದ್ವಿ. ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ‘ಪರೀಕ್ಷೆಗೆ ಬರ್ತೀಯಲ್ಲ, ಇಲ್ಲೇ ಇರು’ ಅಂತ ಮಾತ್ರ ಹಾಕಿದ್ವಿ. ‘ಮಂಚ?’ ಅಂತ ಕೇಳಿದ.

ಕಂಬಳಿಯೊಳಗಿಂದ ಲ್ಯಾಟರಲ್ ಎಂಟ್ರಿ ತಲೆ ಹೊರಗೆ ಬಂತು. ‘ನಂದು ಕೊಡ್ತೀನಿ ಅನ್ರೋ. ನೆಲ ಅಭ್ಯಾಸ ಇದೆ. ಹಾಲು ತಗೊಂಡು ಬರ್ಲಾ, ಇಲ್ಲ ಆ ಆಟ ಇನ್ನೂ ಇದ್ಯಾ?’