ಒಂದೇ ಸೊಳ್ಳೆಪರದೆಯೊಳಗೆ ಐದು ಮಂದಿ

ಕವಿತೆ ಬರೆಯಲು ಏಕಾಂತ ಬೇಕು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಹಾಗಾದರೆ ಮಕ್ಕಳು, ಅತಿಥಿಗಳು, ಅಡುಗೆಮನೆಯ ಸದ್ದು ಇವುಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಕವಿತೆ ದಕ್ಕುವುದೇ ಇಲ್ಲವೇ? ದಿನಸಿ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ನಾಲ್ಕು ಸಾಲು ಗೀಚಿ ಮುಚ್ಚಿಡುವ ನನ್ನನ್ನು ಈ ಪ್ರಶ್ನೆ ಬಹಳ ಕಾಡಿದೆ. ಅದಕ್ಕೆ ಸಮಾಧಾನ ದೊರೆತದ್ದು ಜಪಾನಿನ ಕವಿ ಬಾಶೊ ಬರೆದ ಒಂದು ಪುಟ್ಟ ದಿನಚರಿಯಲ್ಲಿ.

1691ರ ಬೇಸಿಗೆ. ಕ್ಯೋಟೋ ನಗರದ ಪಶ್ಚಿಮಕ್ಕೆ ಸಾಗಾ ಎಂಬ ಹಳ್ಳಿ. ಅಲ್ಲಿ ಬಾಶೊ ಅವರ ಶಿಷ್ಯ ಕ್ಯೊರೈಗೆ ಒಂದು ತೋಟದ ಮನೆಯಿತ್ತು. ಅದರ ಹೆಸರು 'ಹಣ್ಣುದುರಿದ ಗುಡಿಸಲು'. ತೋಟದಲ್ಲಿದ್ದ ನಲವತ್ತರಷ್ಟು ಪರ್ಸಿಮನ್ ಮರಗಳ ಹಣ್ಣನ್ನು ಒಬ್ಬ ವ್ಯಾಪಾರಿ ಮುಂಗಡ ಕೊಟ್ಟು ಕೊಂಡಿದ್ದ. ಒಂದೇ ರಾತ್ರಿಯಲ್ಲಿ ಹಣ್ಣೆಲ್ಲ ಉದುರಿಹೋಯಿತು. ಕ್ಯೊರೈ ಹಣ ಮರಳಿಸಿ, ಆ ನಷ್ಟದ ಹೆಸರನ್ನೇ ಮನೆಗಿಟ್ಟ!

ಬಾಶೊ ಅಲ್ಲಿ ಎರಡು ವಾರಕ್ಕೂ ಹೆಚ್ಚು ತಂಗಿದ್ದರು. ಗಾಳಿಮಳೆಗೆ ಗೋಡೆಗಳು ಕೆಟ್ಟಿದ್ದವು, ತೋಟದ ಅಲಂಕಾರದ ಕಲ್ಲುಗಳು ಕಳೆಯಲ್ಲಿ ಮುಚ್ಚಿಹೋಗಿದ್ದವು. ಆದರೂ ಜಗಲಿಯ ಮುಂದೆ ನಿಂಬೆ ಜಾತಿಯ ಒಂದು ಮರ ಹೂ ಬಿಟ್ಟು ಘಮಘಮಿಸುತ್ತಿತ್ತು. ಹಿಂದಿನ ವೈಭವಕ್ಕಿಂತ ಈ ಹಾಳುಬಿದ್ದ ಚೆಲುವೇ ಹೆಚ್ಚು ಮನಸ್ಸಿಗೆ ಹತ್ತಿರವಾಯಿತೆಂದು ಅವರು ಬರೆದಿದ್ದಾರೆ.

ಯಾರೂ ಬಾರದ ದಿನ ಅವರು ಮೌನವನ್ನೂ ಸವಿದರು. ಆದರೆ ನನ್ನ ಮನ ಸೆಳೆದದ್ದು ಜನ ತುಂಬಿದ ಒಂದು ರಾತ್ರಿ. ಕ್ಯೋಟೋದ ವೈದ್ಯಕವಿ ಬೊಂಚೊ ತನ್ನ ಪತ್ನಿ ಉಕೊ ಜೊತೆಗೆ ಬಂದಿದ್ದ. ಆಕೆಯೂ ಕವಿಯೇ. ದಿನಚರಿಯಲ್ಲಿ ಬಾಶೊ ಈ ದಂಪತಿಯನ್ನು ಆಕೆಯ ಹೆಸರಿನಿಂದಲೇ ಕರೆದಿದ್ದಾರೆ, ಗಮನಿಸಿ! ಕ್ಯೊರೈಯ ಅತ್ತಿಗೆ ಸಿಹಿತಿಂಡಿ, ಪಲ್ಯ ಕಳುಹಿಸಿದ್ದರು. ಇದ್ದದ್ದು ಒಂದೇ ಸೊಳ್ಳೆಪರದೆ. ಅದರೊಳಗೆ ಒಡೆಯ, ಆಳು ಎಲ್ಲ ಸೇರಿ ಐದು ಮಂದಿ ಮಲಗಿದರು. ನಿದ್ದೆ ಎಲ್ಲಿಂದ ಬರಬೇಕು? ನಡುರಾತ್ರಿ ಎಲ್ಲರೂ ಎದ್ದು, ಹಗಲು ಉಳಿದ ತಿಂಡಿ ತೆಗೆದು, ಬೆಳಗಿನ ಜಾವದವರೆಗೆ ಮಾತಾಡುತ್ತಾ ನಗುತ್ತಾ ಕುಳಿತರು.

ಅವರ ಕಾವ್ಯವೂ ಹೀಗೆಯೇ ಇತ್ತು. ಒಬ್ಬರು 5-7-5 ಅಕ್ಷರಗಳ ಮೂರು ತುಂಡು ಹೇಳಿದರೆ, ಮತ್ತೊಬ್ಬರು 7-7ರ ಎರಡು ತುಂಡು ಸೇರಿಸಬೇಕು. ಹಿಂದಿನ ಬೇಸಿಗೆಯಲ್ಲಿ ಬಾಶೊ, ಕ್ಯೊರೈ, ಬೊಂಚೊ ಕೂಡಿ 36 ಪದ್ಯಗಳ ಸರಪಳಿ ಹೆಣೆದಿದ್ದರು. ಆ ಸರಪಳಿಯ ಮೊದಲ ಪದ್ಯವೇ ಮುಂದೆ ಬೇರೆಯಾಗಿ ನಿಂತು, 19ನೇ ಶತಮಾನದ ಕೊನೆಯಲ್ಲಿ ಕವಿ ಶಿಕಿಯಿಂದ 'ಹೈಕು' ಎನಿಸಿಕೊಂಡಿತು. ಅಂದರೆ ಇಂದು ನಾವು ಒಂಟಿಯಾಗಿ ಓದುವ ಹೈಕು, ಹತ್ತಿರದವರ ಉತ್ತರಕ್ಕೆ ಕಾದು ಕುಳಿತ ಮಾತು. ಅದೇ 1691ರಲ್ಲಿ ಪ್ರಕಟವಾದ 'ಸಾರುಮಿನೊ' ಸಂಕಲನದಲ್ಲಿ ಉಕೊ ಅವರ ಪದ್ಯಗಳೂ ಇವೆ.

ಆ ಕೂಟ ಬಹಳ ಕಾಲ ಉಳಿಯಲಿಲ್ಲ. ಬೊಂಚೊ ಗುರುವಿನಿಂದ ದೂರವಾದ, ಸೆರೆಮನೆಯನ್ನೂ ಕಂಡ. 1694ರಲ್ಲಿ ಬಾಶೊ ಪ್ರವಾಸದಲ್ಲಿದ್ದಾಗ ಒಸಾಕಾದಲ್ಲಿ ತೀರಿಕೊಂಡರು. ಕಾಲಾನಂತರ ಮತ್ತೆ ಕಟ್ಟಿದ ಆ ಗುಡಿಸಲು ಇಂದಿಗೂ ಇದೆ. ಯಜಮಾನ ಮನೆಯಲ್ಲಿದ್ದಾನೆ ಎಂಬ ಗುರುತಿಗೆ ಗೋಡೆಯಲ್ಲಿ ಹುಲ್ಲಿನ ಗೊರಬು, ಟೋಪಿ ತೂಗುತ್ತವೆ.

ಪ್ರಿಯ ಸಹೋದರಿ, ಈ ಬೇಸಿಗೆ ರಜೆಯಲ್ಲೂ ನಿಮ್ಮ ಮನೆ ತುಂಬುತ್ತದೆ. ಚಾಪೆ ಸಾಲದು, ನಿದ್ದೆ ಬಾರದು. ಆಗ ಅತ್ತಿಗೆಗೋ ನಾದಿನಿಗೋ ನೀವು ಬರೆದದ್ದರಲ್ಲಿ ಒಂದು ಸಾಲು ಓದಿ ಹೇಳಿ. ಮುಂದಿನ ಸಾಲು ಅವರಲ್ಲಿರಬಹುದು. ಒಟ್ಟಿಗೆ ಇರುವ ರಾತ್ರಿಗಳು ಎಣಿಕೆಯವು.